ಬದನೆಕಾಯಿಗೆ ಇಂಜೆಕ್ಷನ್ ಕೊಟ್ಟ ಭಾವ

ಬಸವನಗುಡಿಯಲ್ಲಿ ಬದನೆಕಾಯಿಗೆ ಇಂಜೆಕ್ಷನ್ ಕೊಟ್ಟ ಗೃಹಸ್ಥರೆಂದರೆ ನಮ್ಮ ಭಾವ ಒಬ್ಬರೇ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಸಿಟ್ಟಿನಿಂದ ಹೇಳುತ್ತಿದ್ದೇನೆ. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಉದ್ದೇಶವೂ ನನಗಿಲ್ಲ. ಬದನೆಕಾಯಿಗೆ ಏನು ಕಾಯಿಲೆ ಬಂದಿತ್ತು ಎಂದು ಕೇಳುತ್ತೀರಾ? ಬದನೆಕಾಯಿ ಚೆನ್ನಾಗಿಯೇ ಇತ್ತು. ಕಾಯಿಲೆ ಇದ್ದದ್ದು ನನ್ನ ಅಕ್ಕನಿಗೆ, ಸಕ್ಕರೆ ಕಾಯಿಲೆ. ಅಕ್ಕನ ಗಂಡನಿಗೆ ಅದಕ್ಕಿಂತ ದೊಡ್ಡ ಕಾಯಿಲೆ, ಅಳತೆಯದು!

ಭಾವ ಒಂದು ದೊಡ್ಡ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ವಿಭಾಗದಲ್ಲಿದ್ದರು. ಯಂತ್ರದ ಒಂದೊಂದೇ ಭಾಗವನ್ನು ಕೈಗೆತ್ತಿಕೊಂಡು, ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ 'ಆಗಲ್ಲ' ಎಂದು ಪಕ್ಕಕ್ಕೆ ಎಸೆಯುವುದು ಅವರ ಕೆಲಸ. ಅದನ್ನು ಅಲ್ಲೇ ಬಿಟ್ಟು ಬಂದಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಮನೆಗೂ ತಂದರು. ಅಕ್ಕ ಹುಯ್ದ ದೋಸೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, "ಈ ಕಡೆ ದಪ್ಪ ಇದೆ" ಎನ್ನುವರು. "ದಪ್ಪ ಇರೋ ಕಡೆಯಿಂದ ತಿನ್ನಿ, ತೆಳ್ಳಗಿರೋದು ತಾನಾಗೇ ಬರತ್ತೆ" ಎನ್ನುವಳು ಅಕ್ಕ. ಗಾಂಧಿಬಜಾರಿನ ದರ್ಜಿ ಇವರು ಬರುವುದು ಕಂಡರೆ ಕತ್ತರಿ ಕೆಳಗಿಟ್ಟು ಒಳಗೆ ಹೋಗಿಬಿಡುತ್ತಿದ್ದ. ಹಾಲಿನವನು ಹಾಲು ಅಳೆದ ಮೇಲೆ ನೊರೆ ಇಳಿಯುವತನಕ ಇವರ ಮುಂದೆ ಕೈಕಟ್ಟಿ ನಿಂತಿರಬೇಕು.

ಇಂಥ ಮನುಷ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ನನಗೂ ಅಲ್ಲೇ. ನಾನು ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕದ ಮೇಡಂ. ನಾನು ಕಾರಿಡಾರಿನಲ್ಲಿ ನಡೆದರೆ ಪಕ್ಕದ ತರಗತಿಯೂ ಸುಮ್ಮನಾಗುತ್ತಿತ್ತು. ಭಾವನನ್ನೂ ನನ್ನನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಸಾಕು, ಮೂರನೆಯವರು ಎದ್ದು ಹೋಗುತ್ತಿದ್ದರು. ಹೋಗದೆ ಕೂತಿರುತ್ತಿದ್ದವಳು ಅಕ್ಕ ಮಾತ್ರ.

ಈಗಿನವರಿಗೆ ಇಂಜೆಕ್ಷನ್ ಎಂದರೆ ಪೊಟ್ಟಣ ಹರಿದು, ಚುಚ್ಚಿ, ಎಸೆಯುವುದು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ಗಾಜಿನ ಸಿರಿಂಜು. ದಿನಾ ಅದನ್ನು ಬಿಚ್ಚಿ ನೀರಿನಲ್ಲಿ ಕುದಿಸಬೇಕು. ಸೂಜಿ ಮೊಂಡಾದರೆ ಸಾಣೆಕಲ್ಲಿನ ಮೇಲೆ ಮಸೆಯಬೇಕು. ಒಳಗೆ ಕಟ್ಟಿಕೊಂಡರೆ ಸಣ್ಣ ತಂತಿ ತೂರಿಸಿ ಬಿಡಿಸಬೇಕು. ಇಷ್ಟು ಸಾಲದೆಂದು ಇನ್ನೊಂದು ತಲೆನೋವು. ಇನ್ಸುಲಿನ್ ಔಷಧಿ ಎರಡು ಬಲದಲ್ಲಿ ಬರುತ್ತಿತ್ತು. ಒಂದು ನಲವತ್ತರದ್ದು, ಇನ್ನೊಂದು ಎಂಬತ್ತರದ್ದು. ಎಂಬತ್ತರದ್ದು ಎರಡರಷ್ಟು ಗಟ್ಟಿ. ಸಿರಿಂಜಿನ ಗಾಜಿನ ಮೇಲೂ ಎರಡು ಅಳತೆಪಟ್ಟಿ. ಒಂದು ಪಕ್ಕ ನಲವತ್ತರ ಸೀಸೆಗೆ ಕೆಂಪು ಗೆರೆ, ಇನ್ನೊಂದು ಪಕ್ಕ ಎಂಬತ್ತರ ಸೀಸೆಗೆ ಹಸಿರು ಗೆರೆ. ಸೀಸೆ ಯಾವುದೋ ಆ ಬಣ್ಣದ ಗೆರೆ ನೋಡಿ ಎಳೆಯಬೇಕು. ಹಸಿರು ನೋಡಬೇಕಾದ ಕಡೆ ಕೆಂಪು ನೋಡಿದಿರೋ, ಎರಡರಷ್ಟು ಔಷಧಿ ಮೈಯೊಳಗೆ! ಇಂಥ ವಸ್ತುವನ್ನು ಕಂಡುಹಿಡಿದವನ ಕೈಗೆ ಒಂದು ಸಲವಾದರೂ ಬೆತ್ತದ ರುಚಿ ತೋರಿಸಬೇಕೆಂದು ನನಗೆ ಇಂದಿಗೂ ಆಸೆ.

ಅಕ್ಕನಿಗೆ ಸೂಜಿ ಕಂಡರೆ ಕಣ್ಣು ಮುಚ್ಚಿಹೋಗುತ್ತಿತ್ತು. ಹಾಗಾಗಿ ಮೊದಮೊದಲು ಭಾವನೇ ಚುಚ್ಚುತ್ತಿದ್ದರು. ಒಂದು ಸಲ ಔಷಧಿ ಅಂಗಡಿಯಲ್ಲಿ ನಲವತ್ತರ ಸೀಸೆ ಖಾಲಿಯಾಗಿತ್ತು. ಎಂಬತ್ತರದ್ದು ಕೊಟ್ಟರು. ಭಾವ ಸೀಸೆಯ ಮೇಲಿದ್ದದ್ದನ್ನು ಓದಿದರು, ಮತ್ತೆ ಓದಿದರು, "ಹಸಿರು, ಹಸಿರು" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಸಿರಿಂಜನ್ನು ಬೆಳಕಿಗೆ ಹಿಡಿದು, ದಿನಾ ನೋಡುವ ಕೆಂಪು ಗೆರೆಗೇ ಎಳೆದು, ಚುಚ್ಚಿದರು. ಕೂದಲೆಳೆ ಅಳೆಯುವ ಮನುಷ್ಯ!

ಅಂದು ಭಾನುವಾರ, ನಾನು ಅಲ್ಲೇ ಇದ್ದೆ. ಒಲೆಯ ಮುಂದೆ ನಿಂತಿದ್ದ ಅಕ್ಕನಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು. ನನ್ನನ್ನು ನೋಡಿ "ಅಮ್ಮ, ಯಾವಾಗ ಬಂದೆ?" ಎಂದಳು. ನಮ್ಮಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವಳು ಕುಸಿಯುವುದಕ್ಕೂ ನಾನು ಹಿಡಿದುಕೊಳ್ಳುವುದಕ್ಕೂ ಸರಿಹೋಯಿತು. ಬಾಯಿಗೆ ಸಕ್ಕರೆ ಹಾಕಿದರೆ ನುಂಗುವ ಶಕ್ತಿಯೂ ಇಲ್ಲ. ಪಕ್ಕದ ಬೀದಿಯ ಡಾಕ್ಟರು ಓಡಿಬಂದು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು. "ಇನ್ನು ಸ್ವಲ್ಪ ತಡ ಆಗಿದ್ರೆ..." ಎಂದರು ಡಾಕ್ಟರು. ಭಾವ ಕಿಟಕಿಯ ಹತ್ತಿರ ನಿಂತು ಖಾಲಿ ಸಿರಿಂಜನ್ನು ಆ ಪಕ್ಕ ಈ ಪಕ್ಕ ತಿರುಗಿಸಿ ನೋಡುತ್ತಲೇ ಇದ್ದರು.

ಆಮೇಲೆ ಶುರುವಾಯಿತು ನೋಡಿ ಎಗರಾಟ! "ಯಾವನ್ರೀ ಇದನ್ನ ಮಾಡ್ದೋನು? ಒಂದು ಗಾಜಿಗೆ ಎರಡು ಪಟ್ಟಿ! ಅವನಿಗೆ ಎರಡು ತಲೆ ಇದೆಯಾ?" ಎಂದು ಡಾಕ್ಟರ ಮೇಲೆ ಹಾರಾಡಿದರು. ಔಷಧಿ ಅಂಗಡಿಯವನ ಮೇಲೆ ಹಾರಾಡಿದರು. ಏನೂ ಗೊತ್ತಿಲ್ಲದೆ ಪೇಪರು ಹಾಕಲು ಬಂದವನ ಮೇಲೂ ಹಾರಾಡಿದರು. ಎಲ್ಲರ ಹೆಸರೂ ಬಂತು, ಚುಚ್ಚಿದ ಕೈ ಯಾರದೆಂಬ ಮಾತು ಮಾತ್ರ ಬರಲಿಲ್ಲ. ಆ ಮಾತನ್ನು ಅಕ್ಕ ಆಡಲಿಲ್ಲ, ನಾನೂ ಆಡಲಿಲ್ಲ. ಮಾರನೆಯ ದಿನ ಬೆಳಗ್ಗೆ ಭಾವ ಸಿರಿಂಜಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟು, "ಇನ್ಮೇಲೆ ನೀನು ಕೊಡು" ಎಂದರು. ಎಂದವರು ತಿರುಗಿ ನೋಡದೆ ಹೊರಗೆ ಹೋದರು.

ಅಂದಿನಿಂದ ದಿನಾ ಬೆಳಗ್ಗೆ ನಾನು ಚಾಮರಾಜಪೇಟೆಯಿಂದ ಬಸವನಗುಡಿಗೆ ನಡೆದು ಬಂದು, ಅಕ್ಕನಿಗೆ ಚುಚ್ಚಿ, ಓಡುತ್ತಾ ಶಾಲೆಗೆ ಹೋಗುವುದು. ವಾರಕ್ಕೊಮ್ಮೆ ಸೂಜಿ ಮಸೆಯುವುದೂ ನನ್ನದೇ. ಒಂದು ಹನಿ ಎಣ್ಣೆ ಬಿಟ್ಟು, ಉಗುರಿನ ಮೇಲೆ ಎಳೆದು ನೋಡಿ, ಹೂವಿನ ದಳಕ್ಕೂ ನೋವಾಗದ ಹಾಗೆ ಚೂಪು ಮಾಡುತ್ತಿದ್ದೆ. ಆದರೂ ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ಕೂಗುವಳು. "ಅಯ್ಯಯ್ಯೋ! ಸಾಯಿಸ್ಬಿಟ್ಟೆ ಕಣೇ, ರಾಕ್ಷಸಿ! ಶಾಲೇಲಿ ಮಕ್ಕಳ ಮೇಲಿನ ಕೋಪ ಎಲ್ಲಾ ನನ್ನ ತೋಳಿನ ಮೇಲೆ ತೀರಿಸ್ಕೋತಾ ಇದೀಯಾ?" ಮಳೆ ಬರಲಿ, ಚಳಿ ಇರಲಿ, ದಿನಾ ಇದೇ ಆಶೀರ್ವಾದ. ಎದುರು ಮನೆಯವರು ಅವಳ ಕೂಗು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಇತ್ತ ಭಾವ ಹಿತ್ತಲ ಕೋಣೆ ಸೇರಿದರು. ಯಾರು ಓದಿದರೂ, ಹೇಗೆ ಓದಿದರೂ, ಓದದೇ ಇದ್ದರೂ ತಪ್ಪು ಆಗಲಾರದಂಥ ಸಿರಿಂಜು ಮಾಡುತ್ತೇನೆಂದು ಶಪಥ. ಒಳ್ಳೆಯದೇ. ಆದರೆ ಮಾಡುವುದನ್ನು ಸುಮ್ಮನೆ ಮಾಡುವ ಜಾತಿಯೇ ಇದು?

ಈಗ ಬದನೆಕಾಯಿಗೆ ಬರೋಣ. ಒಂದು ದಿನ ಎಣ್ಣೆಗಾಯಿ ಮಾಡೋಣವೆಂದು ಅಕ್ಕನ ಮನೆಯ ಬುಟ್ಟಿಯಿಂದ ಬದನೆಕಾಯಿ ತೆಗೆದು ಹೆಚ್ಚಿದೆ. ಒಳಗೆಲ್ಲ ನೀಲಿ! ಇನ್ನೊಂದು ಹೆಚ್ಚಿದೆ, ಅದೂ ನೀಲಿ. ಹುಳುಕು ಬದನೆಕಾಯಿ ನೋಡಿದ್ದೆ, ಬಲಿತ ಬದನೆಕಾಯಿ ನೋಡಿದ್ದೆ, ನೀಲಿ ಬದನೆಕಾಯಿ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಪಿತ್ತ ನೆತ್ತಿಗೇರಿತು. ಹೆಚ್ಚಿದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಗಾಂಧಿಬಜಾರಿಗೆ ಹೋದೆ. ಆ ತರಕಾರಿಯವಳು ಸಾಮಾನ್ಯದವಳಲ್ಲ, ನನ್ನಷ್ಟೇ ಗಂಟಲು.

"ಏನಮ್ಮಾ ಇದು? ಜನಕ್ಕೆ ವಿಷ ಮಾರ್ತೀಯಾ?"

"ಅಕ್ಕಾವ್ರೇ, ನಮ್ಮಜ್ಜಿ ಕಾಲದಿಂದ ಬದನೆಕಾಯಿ ಮಾರ್ತಿದೀವಿ. ನೀಲಿ ತಿರುಳು ನಾನು ಕಂಡಿಲ್ಲ. ನಿಮ್ಮನೇಲೇ ಏನೋ ಆಗಿದೆ, ಹೋಗಿ ನೋಡ್ಕೊಳ್ಳಿ!"

"ನಮ್ಮನೇಲೇನು ಬದನೆಕಾಯಿಗೆ ಬಣ್ಣ ಹಾಕ್ತೀವಾ?"

ಸಂತೆಯೇ ಸೇರಿತು. ನಾನು ಗೆದ್ದು, ಅವಳ ಕೈಯಿಂದ ಬೇರೆ ಬದನೆಕಾಯಿ ಇಸಿದುಕೊಂಡು, ವಿಜಯೋತ್ಸಾಹದಿಂದ ಮನೆಗೆ ಬಂದೆ. ಭಾವ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಏನೋ ಹುಡುಕುತ್ತಿದ್ದರು.

"ಇಲ್ಲಿಟ್ಟಿದ್ದ ನನ್ನ ಬದನೆಕಾಯಿ ಯಾರು ಮುಟ್ಟಿದ್ದು?"

ಇಂಕು ತುಂಬಿ ಚುಚ್ಚಿದ್ದರಂತೆ! ಪಿಸ್ಟನ್ ಪಕ್ಕದಿಂದ ಹಿಂದಕ್ಕೆ ಸೋರುತ್ತದೋ ಇಲ್ಲವೋ, ಒಂದೊಂದು ಸಲವೂ ಅಷ್ಟೇ ಹೋಗುತ್ತದೋ ಇಲ್ಲವೋ ನೋಡಲಿಕ್ಕೆ. ಆಲೂಗಡ್ಡೆ ಗಟ್ಟಿಯಾಯಿತಂತೆ, ಟೊಮೇಟೊ ಮೆತ್ತಗಾಯಿತಂತೆ, ಬದನೆಕಾಯಿಯ ಸಿಪ್ಪೆಯೇ ಸರಿ ಎಂದು ಸಂಶೋಧನೆ! ಅಂದಿನಿಂದ ಆ ತರಕಾರಿಯವಳ ಅಂಗಡಿಯ ಮುಂದೆ ನಾನು ತಲೆಬಗ್ಗಿಸಿ ಓಡಾಡಿದೆ. ಅವಳು ಏನು ಹೇಳಿದರೆ ಅದೇ ಬೆಲೆ, ಯಾವುದು ಕೊಟ್ಟರೆ ಅದೇ ಕಾಯಿ. ಚೌಕಾಸಿ ಮಾಡಲು ಬಾಯಿ ತೆರೆದರೆ ಸಾಕು, "ಅಕ್ಕಾವ್ರಿಗೆ ನೀಲೀದು ಬೇಕಾ?" ಎನ್ನುವಳು.

ಇನ್ನು ಕುದಿಸುವ ರಗಳೆ. ಪರೀಕ್ಷೆಗೆಂದು ಭಾವ ಒಂದು ಬುಟ್ಟಿ ಸಿರಿಂಜು ತಂದು ಹಾಕಿದ್ದರು. ಗಾಜಿನ ಸಿರಿಂಜಿನಲ್ಲಿ ಒಂದೊಂದು ಕೊಳವೆಗೂ ಅದರದೇ ಪಿಸ್ಟನ್, ಇನ್ನೊಂದರದ್ದು ಹಾಕಿದರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೋ ಸೋರುತ್ತದೆ. ಅಕ್ಕ ಪಾಪ, ಎಲ್ಲವನ್ನೂ ಬಿಚ್ಚಿ ಒಂದೇ ಪಾತ್ರೆಗೆ ಸುರಿದು ಕುದಿಸಿಟ್ಟಳು. ಭಾವ ಬಂದು ನೋಡಿ ತಲೆ ಚಚ್ಚಿಕೊಂಡರು.

"ಯಾವುದಕ್ಕೆ ಯಾವುದು ಅಂತ ಈಗ ಹೇಗೆ ಹುಡುಕ್ಲಿ? ಒಂದಕ್ಕೊಂದು ಹೊಂದಲ್ಲ ಕಣೇ! ಎಲ್ಲಾ ಸೋರತ್ತೆ!"

"ಜಾತಕ ನೋಡಿ ಜೋಡಿ ಮಾಡಿದ್ದೇ ಸೋರತ್ತೆ, ಇದೇನ್ ಮಹಾ!" ಎಂದಳು ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಾ.

ಭಾವನಿಗೆ ಜ್ವರ ಬಂದ ಕಥೆ ಹೇಳದಿದ್ದರೆ ಈ ಪ್ರಬಂಧ ಬರೆದೂ ಪ್ರಯೋಜನವಿಲ್ಲ. "ಒಬ್ರೇ ಹೋದ್ರೆ ಜಗಳ ಆಡ್ಕೊಂಡು ಬರ್ತಾರೆ, ನೀನೂ ಜೊತೇಲಿ ಹೋಗು" ಎಂದು ಅಕ್ಕ ನನ್ನನ್ನು ಕಳಿಸಿದಳು. ಜಗಳ ತಪ್ಪಿಸಲು ನನ್ನನ್ನು! ನಮ್ಮ ಡಾಕ್ಟರು ಊರಲ್ಲಿರಲಿಲ್ಲ, ಬೇರೆ ಕ್ಲಿನಿಕ್ಕಿಗೆ ಹೋದೆವು. ಬೆಂಚಿನ ತುಂಬ ಜನ. ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆಯುವುದು, ಕಾಂಪೌಂಡರು ಚುಚ್ಚುವುದು, ಅವರು ಸೊಂಟ ಉಜ್ಜಿಕೊಳ್ಳುತ್ತಾ ಹೊರಗೆ ಬರುವುದು. ಭಾವ ಒಳಗೆ ಹೋದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ. ಒಳಗಿನಿಂದ ಗರ್ಜನೆ. ಮರುಕ್ಷಣ ಪರದೆ ಸರಿಯಿತು. ಬಿಚ್ಚಿದ ಪ್ಯಾಂಟನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯನ್ನು ಮೇಲೆತ್ತಿಕೊಂಡು, ಭಾವ ಬೆಂಚಿನವರ ಮುಂದೆ ಬಂದು ನಿಂತರು.

"ನೀವೆಲ್ಲಾ ಲೋಟ ಎತ್ತಿ ಕುಡಿಯೋರು ತಾನೇ? ತುಟಿ ತಾಗಿದ್ರೆ ಎಂಜಲು ಅಂತ ತೊಳೆಯೋರು ತಾನೇ? ಒಳಗೆ ಒಂದೇ ಸೂಜಿ ಇದೆ! ನನಗಿಂತ ಮೊದಲು ಹೋದವ್ರಿಗೆ ಚುಚ್ಚಿದ್ದನ್ನ ಉಗುರುಬೆಚ್ಚಗಿನ ನೀರಲ್ಲಿ ಹೀಗೆ ಅದ್ದಿ ನನಗೆ ಚುಚ್ಚೋಕೆ ಬಂದ! ಬಾಯಿಗೆ ಎಂಜಲಿದೆ, ರಕ್ತಕ್ಕೆ ಇಲ್ವಾ? ಎದ್ದೇಳಿ, ನಡೀರಿ ಎಲ್ಲಾ ಮನೆಗೆ!"

ಯಾರೂ ಏಳಲಿಲ್ಲ. ಬೆಂಚಿನ ತುದಿಯಲ್ಲಿದ್ದ ಅಜ್ಜಿಯೊಬ್ಬರು ಇವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಡಾಕ್ಟರ ಕೈಗುಣ ಚೆನ್ನಾಗಿದೆಯಪ್ಪ. ನಿನಗೆ ಬೇಡಾಂದ್ರೆ ಪಕ್ಕಕ್ಕೆ ಸರಿ, ನಮ್ಮ ಸರದಿ ಹಾಳ್ಮಾಡ್ಬೇಡ. ಮೊದಲು ಪ್ಯಾಂಟು ಹಾಕ್ಕೋ."

ಬೆಂಚೆಲ್ಲ ನಕ್ಕಿತು. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೆ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ನಾಚಿಕೆ ಹೋಗಿ ಸಿಟ್ಟು ಬಂತು. ಇವರ ಮೇಲಲ್ಲ! ಆ ಬೆಂಚಿನ ಮೇಲೆ, ಆ ನೀರಿನ ಬಟ್ಟಲಿನ ಮೇಲೆ, ಸ್ವಂತ ತಮ್ಮನ ಲೋಟವನ್ನೂ ತುಟಿಗೆ ತಾಗಿಸದೆ ಅಪರಿಚಿತನ ಸೂಜಿಗೆ ಸೊಂಟ ಕೊಡುವ ನಮ್ಮ ಮಡಿಯ ಮೇಲೆ. ಭಾವ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪ್ಯಾಂಟು ಒಂದು ಸರಿಯಾಗಿದ್ದಿದ್ದರೆ ಯಾರಾದರೂ ಕೇಳುತ್ತಿದ್ದರೇನೋ!

ಅಲ್ಲಿಂದಾಚೆ ಭಾವ ಎಲ್ಲಿಗೆ ಹೋದರೂ ಕುದಿಸಿದ ಸೂಜಿ, ಸಿರಿಂಜನ್ನು ಸೋಪಿನ ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ಯುತ್ತಿದ್ದರು. ನೆಂಟರ ಮನೆಯ ಮದುವೆಯಲ್ಲೂ ಡಬ್ಬಿ ತೆಗೆದು, ಒಬ್ಬರ ಸೂಜಿ ಇನ್ನೊಬ್ಬರಿಗೆ ಏಕೆ ಕೂಡದು ಎಂದು ಊಟದ ಪಂಕ್ತಿಯಲ್ಲೇ ಉಪನ್ಯಾಸ. ಒಬ್ಬರು ತುಂಬ ಶ್ರದ್ಧೆಯಿಂದ ಕೇಳಿ, ತಲೆಯಾಡಿಸಿ, ಕೈತೊಳೆದು ಬಂದು ಹೇಳಿದರು: "ನಿಮ್ಮ ಸೂಜಿ ಬಹಳ ಶುದ್ಧವಾಗಿದೆ ಸ್ವಾಮಿ. ನಮ್ಮ ಮನೆಯವರಿಗೆ ನಾಳೆ ಒಂದು ಇಂಜೆಕ್ಷನ್ ಇದೆ, ಸ್ವಲ್ಪ ಇದನ್ನೇ ಕೊಟ್ಟಿರ್ತೀರಾ?" ಭಾವ ಆ ಮದುವೆಯಲ್ಲಿ ಪಾಯಸ ಮುಟ್ಟಲಿಲ್ಲ.

ಹೀಗೇ ವರ್ಷಗಳು ಹೋದವು. ಎಂಬತ್ತರ ದಶಕ ಬರುವ ಹೊತ್ತಿಗೆ ಸಿರಿಂಜೂ ಒಂದು ರೂಪಕ್ಕೆ ಬಂದಿತ್ತು. ಗಾಜಿನ ಮೇಲಿನ ಹಸಿರು ಗೆರೆಗಳನ್ನೆಲ್ಲ ಕೆರೆದು ತೆಗೆದಿದ್ದರು. ಕೆಂಪು ಒಂದೇ ಉಳಿದಿತ್ತು. ಹಿಂಭಾಗಕ್ಕೆ ಹಿತ್ತಾಳೆಯ ಒಂದು ಸಣ್ಣ ಚೌಕಟ್ಟು. ಡಾಕ್ಟರು ಹೇಳಿದಷ್ಟಕ್ಕೆ ಅದನ್ನು ಕೂರಿಸಿ ತಿರುಪು ಬಿಗಿದರೆ ಮುಗಿಯಿತು. ಪಿಸ್ಟನ್ ಎಳೆದಾಗ ಅಕ್ಕನ ಡೋಸು ಬಂದ ಕೂಡಲೇ ಟಕ್ ಎಂದು ನಿಲ್ಲುತ್ತಿತ್ತು. ಆಮೇಲೆ ಭೀಮ ಬಂದು ಎಳೆದರೂ ಬಾರದು. ಕಣ್ಣು ಮುಚ್ಚಿಕೊಂಡು ಎಳೆದರೂ ಅಷ್ಟೇ. ನಿಜ ಹೇಳಬೇಕೆಂದರೆ, ನೋಡಿ ನನಗೆ ಸಂತೋಷವಾಯಿತು. ಆದರೆ ಲೆಕ್ಕದ ಮೇಡಂ ಅಲ್ಲವೇ, ಬಾಯಿ ಸುಮ್ಮನಿರಲಿಲ್ಲ.

"ಸರಿ ಭಾವ. ಸೀಸೆಯೇ ಎಂಬತ್ತರದ್ದು ಬಂದ್ರೆ?"

ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಅದಕ್ಕೂ ಒಂದು ದಾರಿ ಹುಡುಕಿದರು. ಎಂಬತ್ತರ ಸೀಸೆ ಮನೆಯ ಹೊಸಿಲು ದಾಟಕೂಡದು! ನಲವತ್ತರದ್ದು ಮುಗಿಯುವ ಎಷ್ಟೋ ಮೊದಲೇ ತಂದಿಡುವುದು, ಸಿಗದಿದ್ದರೆ ಊರೆಲ್ಲ ಸುತ್ತಿ ಮಲ್ಲೇಶ್ವರದಿಂದಲಾದರೂ ತರುವುದು, ತಂದದ್ದನ್ನು ಅವರೂ ಓದಿ, ಅಕ್ಕನ ಕೈಯಲ್ಲೂ ಓದಿಸಿ, ನನ್ನ ಕೈಯಲ್ಲೂ ಓದಿಸುವುದು. ಎಂಬತ್ತು ಎಂಬ ಸಂಖ್ಯೆಯೇ ಅವರಿಗೆ ವೈರಿಯಾಯಿತು. ದೂರದ ದೊಡ್ಡಪ್ಪ ಒಬ್ಬರಿಗೆ ಎಂಬತ್ತು ತುಂಬಿತೆಂದು ಶಾಂತಿ ಹೋಮಕ್ಕೆ ಕರೆದರೆ, "ಎಂಬತ್ತೊಂದಕ್ಕೆ ಬರ್ತೀನಿ ಅಂತ ಹೇಳಿ" ಎಂದರು!

ಇಷ್ಟೆಲ್ಲ ಆದ ಮೇಲೆ, ಸಿರಿಂಜು ಮಾಡಿ ಮಾರುವ ಒಂದು ಕಂಪನಿಯ ದೊಡ್ಡ ಮನುಷ್ಯರ ಹತ್ತಿರ ತೋರಿಸಲು ಹೊರಟರು. ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಸೋಪಿನ ಡಬ್ಬಿ. ಮತ್ತೆ ನಾನೇ ಜೊತೆಗೆ. ಆ ಮನುಷ್ಯ ಫ್ಯಾನಿನ ಕೆಳಗೆ ಕೂತು, ನಮಗೆ ಟೀ ತರಿಸಿ, ಹಿತ್ತಾಳೆ ಚೌಕಟ್ಟನ್ನು ಹಿಂದೆ ಮುಂದೆ ಎಳೆದು ನೋಡಿದರು.

"ಚೆನ್ನಾಗಿದೆ. ಆಟದ ಸಾಮಾನಿನ ಥರ ಇದೆ. ಆದ್ರೆ ಎರಡು ಪಟ್ಟಿ ಇದ್ರೆ ಒಂದೇ ಸಿರಿಂಜು ಎಲ್ಲರಿಗೂ ಆಗತ್ತಲ್ಲಾ ಸಾರ್? ಎರಡು ಥರ ಯಾಕೆ ಮಾಡ್ಬೇಕು? ಓದೋಕೆ ಬರೋರು ಸರಿಯಾಗೇ ಓದ್ಕೋತಾರೆ. ಓದೋಕೆ ಬರದೋರು ಇದಕ್ಕೆ ಕೈ ಹಾಕ್ಬಾರ್ದು ಅಷ್ಟೇ."

ಇನ್ನು ಸಿಡಿಯುತ್ತದೆ ಎಂದು ನಾನು ಟೀ ಲೋಟಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದೆ. ಸಿಡಿಯಲಿಲ್ಲ. ಭಾವ ಸಿರಿಂಜನ್ನು ವಾಪಸು ತೆಗೆದುಕೊಂಡು ಡಬ್ಬಿಯೊಳಗಿಟ್ಟರು. ಅಷ್ಟು ಮೆಲ್ಲನೆಯ ದನಿ ಅವರಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನನಗೆ ಓದೋಕೆ ಬರತ್ತೆ. ದಿನಾ ಮಾಡೋ ಕೆಲಸವೇ ಅದು. ಓದಿಯೇ ಚುಚ್ಚಿದ್ದು. ನಾನೇ ಚುಚ್ಚಿದ್ದು."

ಇಷ್ಟು ವರ್ಷ ಯಾರೂ ಆಡದಿದ್ದ ಮಾತು ಆ ಫ್ಯಾನಿನ ಕೆಳಗೆ, ಪರರ ಮೇಜಿನ ಮುಂದೆ ಹೊರಬಂತು. ಆ ಮನುಷ್ಯನಿಗೆ ಅರ್ಥವೂ ಆಗಲಿಲ್ಲ, ಗಡಿಯಾರ ನೋಡಿಕೊಂಡ. ಆಗ ಸಿಡಿದವಳು ನಾನು.

"ಏನ್ರೀ ನೋಡ್ತೀರಾ ಗಡಿಯಾರ? ಒಂದು ಗಾಜಿನ ಮೇಲೆ ಎರಡು ಲೆಕ್ಕ ಬರೆದು, ಸರಿಯಾದ್ದು ನೀವೇ ಹುಡುಕ್ಕೊಳ್ಳಿ ಅಂತ ಕಾಯಿಲೆಯೋರಿಗೆ ಪರೀಕ್ಷೆ ಇಡ್ತೀರಾ? ನಾನೂ ಪರೀಕ್ಷೆ ಇಡೋಳೇ. ನಮ್ಮಲ್ಲಿ ತಪ್ಪು ಮಾಡಿದ್ರೆ ಮಕ್ಕಳು ಫೇಲಾಗ್ತಾರೆ. ನಿಮ್ಮದ್ರಲ್ಲಿ ತಪ್ಪು ಮಾಡಿದ್ರೆ ಸಾಯ್ತಾರೆ!"

ಆಫೀಸಿನ ಟೈಪ್‌ರೈಟರುಗಳೆಲ್ಲ ನಿಂತುಹೋದವು. ಹೊರಗೆ ಬಂದ ಮೇಲೆ ಭಾವ ಸೋಪಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದರು. ಆಮೇಲೆ, "ಅಷ್ಟು ಕೂಗಬಾರ್ದಾಗಿತ್ತು ಕಣಮ್ಮ" ಎಂದರು. ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ!

ಅದೇ ಕಾಲಕ್ಕೆ ಅಕ್ಕನ ಕಣ್ಣು ಮಂಜಾಗತೊಡಗಿತು. ರಂಗೋಲಿಯ ಚುಕ್ಕಿ ತಪ್ಪುವುದು, ಅಕ್ಕಿಯ ಕಲ್ಲು ಕಾಣದಿರುವುದು, ನನ್ನನ್ನು ಹೆಜ್ಜೆಯ ಸದ್ದಿನಿಂದ ಗುರುತಿಸುವುದು. ಸಕ್ಕರೆ ಕಾಯಿಲೆ ಕಣ್ಣಿಗೂ ಬಂತು ಎಂದರು ಡಾಕ್ಟರು. ಹಿತ್ತಾಳೆಯ ಸಿರಿಂಜನ್ನು ಅವರೂ ನೋಡಿ ಮೆಚ್ಚಿ, "ಇವತ್ತಿಂದಾನೇ ಬಳಸಿ" ಎಂದಿದ್ದರು. ಅಕ್ಕನಿಗಂತೂ ಆ ಟಕ್ ಸದ್ದಿನ ಮೇಲೆ ಪ್ರಾಣ. ಕಿವಿಯ ಹತ್ತಿರ ಹಿಡಿದು ಎಳೆದೆಳೆದು ಕೇಳುತ್ತಿದ್ದಳು. ನಾನು ನೀರು ತುಂಬಿ ಅಳೆದೆ, ಮತ್ತೆ ಅಳೆದೆ, ಒಂದು ಹನಿ ಹೆಚ್ಚುಕಮ್ಮಿ ಇಲ್ಲ. ಭಾವ ಒಬ್ಬರೇ ಜಪ್ಪಯ್ಯ ಎಂದರೂ ಒಪ್ಪರು. "ಇನ್ನೂ ಆಗಿಲ್ಲ." ಇವತ್ತು ತಿರುಪು ಸಡಿಲವಾಗಬಹುದು, ನಾಳೆ ಹಿತ್ತಾಳೆ ಸವೆಯಬಹುದು, ನಾಡಿದ್ದು ಇನ್ನೇನೋ. ಕಂಪನಿಯವರಿಗೆ ತೋರಿಸಲು ಆಗುತ್ತದೆ, ಹೆಂಡತಿಗೆ ಚುಚ್ಚಲು ಆಗುವುದಿಲ್ಲ! ನಾನು ಮಾತ್ರ ಅದೇ ಹಳೆಯ ಎರಡು ಪಟ್ಟಿಯ ಗಾಜನ್ನು ದಿನಾ ಬೆಳಕಿಗೆ ಹಿಡಿದು, ಕೆಂಪು ಯಾವುದು ಹಸಿರು ಯಾವುದು ಎಂದು ನೋಡುತ್ತಾ ನಿಲ್ಲಬೇಕು.

ಒಂದು ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಆಗ ತಾನೇ ನನಗೆ ಕನ್ನಡಕ ಬಂದಿತ್ತು. ಅಕ್ಕನಿಗೆ ಚುಚ್ಚಿ, ಅವಳ "ರಾಕ್ಷಸಿ" ಕೇಳಿಸಿಕೊಂಡು, ಸಿರಿಂಜನ್ನು ಟೇಬಲ್ಲಿನ ಮೇಲೆ ಕುಕ್ಕಿದೆ.

"ಭಾವ, ನನ್ನ ಕಣ್ಣೂ ಹೋಗ್ತಾ ಇದೆ. ಒಂದಿನ ನಾನೂ ನಿಮ್ಮ ಹಾಗೇ ತಪ್ಪು ಗೆರೆಗೆ ಎಳೆದ್ರೆ? ಅವಳು ಹೋದ್ಮೇಲೆ ಮುಗಿಸ್ತೀರಾ ನಿಮ್ಮ ಸಿರಿಂಜನ್ನ?"

ಭಾವ ತಿರುಗಿ ಕೂಗುತ್ತಾರೆ ಎಂದುಕೊಂಡೆ. ಅವರು ಕೈಯಲ್ಲಿದ್ದ ಅರದಿಂದ ಹಿತ್ತಾಳೆಯ ಅಂಚನ್ನು ಉಜ್ಜತೊಡಗಿದರು. ಅದು ನನ್ನ ಸಿಟ್ಟನ್ನು ಇನ್ನೂ ಕೆರಳಿಸಿತು.

"ನಾಳೆಯಿಂದ ನಾನು ಬರಲ್ಲ. ನೀವುಂಟು, ನಿಮ್ಮ ಹಿತ್ತಾಳೆ ಉಂಟು. ಚುಚ್ಚೋದಾದ್ರೆ ಚುಚ್ಚಿ, ಇಲ್ದಿದ್ರೆ ಗುಜರಿಗೆ ಹಾಕಿ!"

ಅಂದು ಸೂಜಿ ಮಸೆಯುವ ದಿನ. ಮಸೆಯದೆಯೇ ಬಂದುಬಿಟ್ಟೆ.

ಮಾರನೆಯ ಬೆಳಗ್ಗೆ ಹಟ ಹಿಡಿದು ಮನೆಯಲ್ಲೇ ಕೂತೆ. ಕಾಫಿ ಆರಿತು. ಪಾಠದ ಪುಸ್ತಕ ತೆರೆದು ಮುಚ್ಚಿದೆ. ಇಂಜೆಕ್ಷನ್ ಆಗದೆ ಅಕ್ಕ ತಿಂಡಿ ಮುಟ್ಟುವಂತಿಲ್ಲ, ಹಸಿದು ಕೂತಿರುತ್ತಾಳೆ. ಆ ಮೊಂಡ ಮನುಷ್ಯ ಹಿತ್ತಲ ಕೋಣೆಯಲ್ಲಿ ಅರ ಹಾಕುತ್ತಾ ಕೂತಿರುತ್ತದೆ! ಅರ್ಧ ಹೆಣೆದ ಜಡೆಯಲ್ಲೇ ಓಡಿದೆ. ದಾರಿಯುದ್ದಕ್ಕೂ ಬೈಯಬೇಕಾದ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಗೇಟು ತೆಗೆದು ವರಾಂಡದ ಕಿಟಕಿಯ ಹತ್ತಿರ ಬರುತ್ತಲೇ ಒಳಗಿನ ಮಾತು ಕೇಳಿಸಿ ನಿಂತೆ.

ಅಕ್ಕ ಕುರ್ಚಿಯಲ್ಲಿ ರವಿಕೆಯ ತೋಳು ಮೇಲೆತ್ತಿಕೊಂಡು ಕೂತಿದ್ದಳು. ಭಾವ ಅವಳ ಮುಂದೆ ಮಂಡಿಯೂರಿದ್ದರು. ಕೈಯಲ್ಲಿ ಹಿತ್ತಾಳೆಯ ಸಿರಿಂಜು.

"ಇನ್ನು ಸ್ವಲ್ಪ ತಡಿ. ನಿನ್ನ ತಂಗಿ ಬರ್ತಾಳೆ."

"ಅವಳು ಬರಲ್ಲ. ಹೇಳಿದ್ರೆ ಹೇಳಿದ್ದೇ ಅವಳು. ನೀವೇ ಕೊಡಿ."

"ಮತ್ತೆ ತಪ್ಪಿಹೋದ್ರೆ?"

"ತಪ್ಪೋಕಾಗದ ಹಾಗೆ ತಾನೇ ಇಷ್ಟು ವರ್ಷ ಕೂತು ಮಾಡಿದ್ದು? ಎಳೀರಿ, ಕೇಳಿಸ್ಕೋತೀನಿ."

ಭಾವ ಸೀಸೆಯನ್ನು ತಲೆಕೆಳಗು ಮಾಡಿ ಎಳೆದರು. ಟಕ್. ಕಿಟಕಿಯಾಚೆ ನನಗೂ ಕೇಳಿಸಿತು.

"ನಿಂತಿತು ನೋಡಿ" ಎಂದಳು ಅಕ್ಕ. "ಈಗ ಕೊಡಿ."

ಅವರು ಸ್ಪಿರಿಟ್ಟಿನ ಹತ್ತಿಯಿಂದ ತೋಳು ಒರೆಸಿದರು. ಆ ಸೂಜಿ ನನಗೆ ಗೊತ್ತು. ವಾರವೆಲ್ಲ ಚುಚ್ಚಿ ಚುಚ್ಚಿ ಮೊಂಡಾಗಿ, ಮಸೆಯದೆ ಬಿಟ್ಟು ಬಂದಿದ್ದ ಸೂಜಿ. ಅದರ ಮೇಲೆ ನಡುಗುವ ಕೈ. ಇನ್ನು ಅಕ್ಕ ಊರು ಒಂದಾಗುವ ಹಾಗೆ ಕೂಗುತ್ತಾಳೆ ಎಂದು ನಾನೇ ಹಲ್ಲು ಕಚ್ಚಿಕೊಂಡೆ. ಸೂಜಿ ಒಳಗೆ ಹೋಗಲು ಒಂದು ಸಲ ತಡೆದು, ಆಮೇಲೆ ಹೋಯಿತು. ಅಕ್ಕನ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದವು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ.

"ನೋವಾಯ್ತಾ?" ಎಂದರು ಭಾವ.

"ಇಲ್ಲ ಕಣ್ರೀ. ಚುಚ್ಚಿದ್ದೇ ಗೊತ್ತಾಗ್ಲಿಲ್ಲ."

"ಸುಳ್ಳು ಹೇಳ್ಬೇಡ!" ಎಂದು ಭಾವ ಗದರಲು ಹೋದರು. ಗದರಿಕೆ ಅರ್ಧಕ್ಕೇ ಒಡೆದುಹೋಯಿತು. ಅವಳ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದವರು ಹಾಗೆಯೇ ಅಲ್ಲಿಗೇ ಹಣೆ ಇಟ್ಟುಬಿಟ್ಟರು. ಅಕ್ಕ ಇನ್ನೊಂದು ಕೈಯಿಂದ ಅವರ ತಲೆಯನ್ನು ತಡಕಿ, ನಿಧಾನವಾಗಿ ಸವರತೊಡಗಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ಸೂಜಿ ಮಸೆದು ಮಸೆದು ಹೂವಿನ ಹಾಗೆ ಚುಚ್ಚಿದ ನಾನು ರಾಕ್ಷಸಿ! ಮೊಂಡು ಸೂಜಿ ಹಿಡಿದು ನಡುಗುತ್ತಾ ಚುಚ್ಚಿದ ಇವರದು ಗೊತ್ತೇ ಆಗಲಿಲ್ಲವಂತೆ! ಒಳಗೆ ನುಗ್ಗಿ ಇಬ್ಬರನ್ನೂ ಕೇಳಿಯೇಬಿಡೋಣವೆಂದು ಬಾಗಿಲವರೆಗೆ ಹೋದೆ, ಚಪ್ಪಲಿಯನ್ನೂ ಬಿಟ್ಟೆ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಳಗಿನವರಿಗೆ ಕೇಳಿಸದ ಹಾಗೆ ಅತ್ತುಬಿಟ್ಟೆ.